ಖಾಲಿ ಬಿಟ್ಟ ಒಂದು ಕಾಲಂ: ಅಬರ್ಡೀನ್‌ಶೈರ್‌ನ ಚರ್ಚ್ ಪುಸ್ತಕಗಳಲ್ಲಿ ಒಬ್ಬ ಅಪ್ಪನ ಹುಡುಕಾಟ

ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಗೆಳತಿಯ ಗಂಡನ ಮನೆಯ ವಿಷಯ. ಬರೆಯುವುದಕ್ಕೆ ಅವರು ಒಪ್ಪಿದ್ದಾರೆ. ಆದರೂ ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ಕತೆಯಲ್ಲಿ ಬರುವ ಮೂರು ಪ್ಯಾರಿಷ್‌ಗಳನ್ನು, ಅಂದರೆ ಒಂದೊಂದು ಚರ್ಚಿಗೆ ಸೇರಿದ ಸೀಮೆಗಳನ್ನು, ಮೇಲೂರು, ಕೆಳಗೂರು, ಆಚೆಯೂರು ಅಂತ ಕರೆಯುತ್ತೇನೆ. ಮೂರೂ ಸ್ಕಾಟ್ಲೆಂಡ್‌ನ ಈಶಾನ್ಯ ಮೂಲೆಯಲ್ಲಿ, ಅಬರ್ಡೀನ್‌ಶೈರ್‌ನಲ್ಲಿವೆ.

ಹಿನ್ನೆಲೆ

ಗೆಳತಿ ಹಾಸನದ ಕಡೆಯವಳು. ಮದುವೆಯಾಗಿ ಅಬರ್ಡೀನ್‌ಗೆ ಬಂದು ಹದಿನೈದು ವರ್ಷ ಆಯಿತು. ಅವಳ ಅತ್ತೆಗೆ ಎಂಬತ್ತರ ಹತ್ತಿರ. ಆಕೆಗಿದ್ದದ್ದು ಒಂದೇ ಹಟ. ತನ್ನ ಮುತ್ತಜ್ಜ ವಿಲಿಯಂ ರೀಡ್ ಯಾರ ಮಗ ಅಂತ ತಿಳಿಯಬೇಕು.

ಮನೆಯಲ್ಲಿ ಎರಡು ಉತ್ತರ ಇದ್ದವು. ಒಂದು ಕಾಗದದ್ದು, ಒಂದು ಬಾಯಿಮಾತಿನದ್ದು. ವಿಲಿಯಂ 1898ರಲ್ಲಿ ತೀರಿಕೊಂಡಾಗ ಬರೆಸಿದ ಮರಣ ದಾಖಲೆಯಲ್ಲಿ ಅಪ್ಪ ಜೇಮ್ಸ್ ರೀಡ್, ಅಮ್ಮ ಮಾರ್ಗರೆಟ್ ಎಂದಿದೆ. ಆದರೆ ಅಜ್ಜಿಯರ ಕಾಲದಿಂದ ಬಂದ ಮಾತು ಬೇರೆ. ವಿಲಿಯಂ ಜಮೀನ್ದಾರರ ಮನೆಯ ಹುಡುಗ, ಮದುವೆಯಾಚೆ ಹುಟ್ಟಿದವನು, ದೊಡ್ಡವರ ರಕ್ತ. ಇಂಥ ಕತೆ ಆ ಸೀಮೆಯಲ್ಲಿ ಮನೆಗೊಂದು ಸಿಗುತ್ತದೆ. ಬಡವರ ಮನೆಯ ಗುಟ್ಟಿಗೆ ಜರಿಯಂಚಿನ ಹೊದಿಕೆ ಅನ್ನಿ.

"ನೀನು ಹಳೇ ಕಾಗದ ಎಲ್ಲ ಓದ್ತೀಯಲ್ಲ, ಸ್ವಲ್ಪ ನೋಡೇ. ನಮ್ಮತ್ತೆದು ದಿನಾ ಅದೇ ರಾಗ" ಅಂತ ಗೆಳತಿ ಫೋನ್ ಮಾಡಿದಳು. ಒಂದು ವಾರದ ಕೆಲಸ ಅಂದುಕೊಂಡೆ. ಏಳು ತಿಂಗಳು ಹಿಡಿಯಿತು.

ದಾಖಲೆಗಳ ಬಗ್ಗೆ ಎರಡು ಮಾತು. ಸ್ಕಾಟ್ಲೆಂಡ್‌ನಲ್ಲಿ ಸರ್ಕಾರವೇ ಹುಟ್ಟು, ಮದುವೆ, ಸಾವು ಬರೆಸಿಕೊಳ್ಳಲು ಶುರು ಮಾಡಿದ್ದು 1855ರ ಜನವರಿ 1ರಿಂದ. ಅಲ್ಲಿಂದ ಈಚೆಗೆ ಹುಡುಕುವವರಿಗೆ ಹಬ್ಬ. ಮದುವೆ ದಾಖಲೆಯಲ್ಲೂ ಮರಣ ದಾಖಲೆಯಲ್ಲೂ ಅಪ್ಪ ಅಮ್ಮನ ಹೆಸರು ಇರುತ್ತದೆ, ಅಮ್ಮನ ತವರಿನ ಹೆಸರೂ ಸೇರಿ. ಅದಕ್ಕೂ ಮುಂಚಿನದು ಬೇಕಿದ್ದರೆ ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಹಳೆಯ ಪ್ಯಾರಿಷ್ ರಿಜಿಸ್ಟರ್‌ಗಳೇ ಗತಿ. ಸುಮಾರು 900 ಪ್ಯಾರಿಷ್‌ಗಳು. ಕೆಲವು ಪುಸ್ತಕ ಅಚ್ಚುಕಟ್ಟು, ಕೆಲವು ಅರ್ಧಂಬರ್ಧ. ಈಗ ಇವೆಲ್ಲ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿವೆ.

ಆ ರಿಜಿಸ್ಟರ್‌ಗಳಲ್ಲಿ ಮಗುವಿನ ಹೆಸರಿನ ಪಕ್ಕದ ಪದವನ್ನು ಗಮನಿಸಬೇಕು. "ಲಾಫುಲ್ ಸನ್" ಅಂದರೆ ಮದುವೆಯಾದವರ ಮಗ. "ನ್ಯಾಚುರಲ್ ಸನ್" ಅಂತಿದ್ದರೆ ಮದುವೆಯಿಲ್ಲದೆ ಹುಟ್ಟಿದವನು. ಮೊದಲ ಸಲ ಓದಿದಾಗ ನಾನು ಅದನ್ನು ಒಳ್ಳೆಯ ಮಾತು ಅಂದುಕೊಂಡಿದ್ದೆ. ನಮ್ಮಲ್ಲಿ ಇಂಥ ಮಗುವಿಗೆ ಇರುವ ಪದಗಳೆಲ್ಲ ಬೈಗುಳವೇ, ಅಲ್ವಾ? ಅದಕ್ಕೇ ಇಲ್ಲಿ "ಮದುವೆಯಾಚೆ" ಅಂತಲೇ ಬರೆಯುತ್ತಿದ್ದೇನೆ. ಈಶಾನ್ಯದ ಜಿಲ್ಲೆಗಳಲ್ಲಿ ಇಂಥ ಮಕ್ಕಳು ದೇಶದ ಬೇರೆ ಕಡೆಗಿಂತ ಜಾಸ್ತಿ ಹುಟ್ಟುತ್ತಿದ್ದರು. ಬ್ಯಾಂಫ್‌ಶೈರ್ ಅಂತೂ ಇದಕ್ಕೇ ಹೆಸರುವಾಸಿಯಾಗಿತ್ತು.

ತೊಡಕು

ಮರಣ ದಾಖಲೆ ಕೈಯಲ್ಲಿದೆ, ಅಪ್ಪನ ಹೆಸರಿದೆ. ಮತ್ತೇನು ಹುಡುಕಾಟ? ಮನೆಯವರು ಎಷ್ಟೋ ವರ್ಷ ಇದೇ ಹೇಳಿಕೊಂಡು ಬಂದಿದ್ದರು. 1841ರ ಜನಗಣತಿಯೂ ಅದಕ್ಕೆ ತಾಳ ಹಾಕುತ್ತಿತ್ತು. ಮೇಲೂರಿನಲ್ಲಿ ಜೇಮ್ಸ್ ರೀಡ್, ಮಾರ್ಗರೆಟ್, ಆರು ವರ್ಷದ ವಿಲಿಯಂ, ಒಂದೇ ಮನೆ. ವಿಲಿಯಂ ತನ್ನ ಹಿರಿಮಗನಿಗೆ ಇಟ್ಟ ಹೆಸರೂ ಜೇಮ್ಸ್. ಸ್ಕಾಟ್ಲೆಂಡ್‌ನಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಇತ್ತು, ನಮ್ಮಲ್ಲಿ ತಾತನ ಹೆಸರು ಇಟ್ಟ ಹಾಗೆ. ಎಲ್ಲ ಸರಿಯಾಗಿ ಕೂತಿತ್ತು.

ಅತ್ತೆಯ ಅಡುಗೆಮನೆಯ ಮೇಜಿನ ಮೇಲೆ ಜನಗಣತಿಯ ಪ್ರಿಂಟ್ ಹರಡಿಕೊಂಡು ನೋಡುತ್ತಿದ್ದಾಗ ಒಂದು ಸಂಖ್ಯೆ ಕಣ್ಣಿಗೆ ಚುಚ್ಚಿತು. ಮಾರ್ಗರೆಟ್ ವಯಸ್ಸು 55. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕದಲ್ಲಿ ಕೆಳಕ್ಕೆ ಇಳಿಸಿ ಬರೆಯುವ ಪದ್ಧತಿ. 55 ಅಂದರೆ 55ರಿಂದ 59ರವರೆಗೆ ಎಷ್ಟಾದರೂ ಆಗಬಹುದು. ಮಕ್ಕಳದ್ದು ಮಾತ್ರ ಇದ್ದ ಹಾಗೇ. ಹಾಗಾದರೆ ವಿಲಿಯಂ ಹುಟ್ಟಿದಾಗ ಮಾರ್ಗರೆಟ್‌ಗೆ ಕಡಿಮೆಯೆಂದರೂ ಐವತ್ತರ ಅಂಚು. ಆಗುವುದೇ ಇಲ್ಲ ಅಂತಲ್ಲ. ಆದರೆ ಅನುಮಾನ ಬರುವಷ್ಟು ಇದೆ. ಇನ್ನೊಂದು ವಿಷಯ: 1841ರ ಗಣತಿಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಬರೆದೇ ಇಲ್ಲ. ಆ ಕಾಲಂ ಬಂದದ್ದು 1851ರಲ್ಲಿ. ಒಂದೇ ಮನೆಯಲ್ಲಿದ್ದ ಮಾತ್ರಕ್ಕೆ ಅಪ್ಪ, ಅಮ್ಮ, ಮಗ ಅಂತ ನಾವೇ ಅಂಟು ಹಾಕಿಕೊಂಡಿದ್ದೆವು.

ಮರಣ ದಾಖಲೆಯನ್ನು ಮತ್ತೆ ತೆಗೆದೆ. ಮಾಹಿತಿ ಕೊಟ್ಟವನು ಅಳಿಯ. ಮಾವನ ಬಾಲ್ಯದ ಬಗ್ಗೆ ಅಳಿಯನಿಗೆ ಏನು ಗೊತ್ತಿರುತ್ತದೆ? ಯಾವಾಗಲೋ ಕೇಳಿದ್ದು, ಅಂದಾಜು ಮಾಡಿದ್ದು. ತೀರಿಕೊಂಡ ಮನುಷ್ಯ ತನ್ನ ಮರಣ ದಾಖಲೆಯನ್ನು ತಾನು ತಿದ್ದುವುದಕ್ಕೆ ಬರುವುದಿಲ್ಲ.

ಎಡವಿದ ದಾರಿ

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಜೇಮ್ಸ್ ಅಪ್ಪ ಅಲ್ಲ ಎನ್ನುವ ಅನುಮಾನ ಬಂದ ಕೂಡಲೇ ನಾನು ಜಮೀನ್ದಾರರ ಕತೆಗೆ ನೆಗೆದೆ. ಅತ್ತೆಯ ಉತ್ಸಾಹ ನನಗೂ ಹತ್ತಿತು. ಆ ಮನೆತನದ ಉಯಿಲುಗಳನ್ನು ತೆಗೆಸಿ ಓದಿದೆ. ಹೊರಗಿನ ಮಗುವಿಗೆ ಎಲ್ಲಾದರೂ ಐದು ಪೌಂಡ್ ಬಿಟ್ಟಿದ್ದಾರಾ, ಯಾವುದಾದರೂ ಸೇವಕಿಗೆ ವರ್ಷಾಶನ ಇದೆಯಾ ಅಂತ ಸಾಲುಸಾಲು ನೋಡಿದೆ. ಬೆಳ್ಳಿ ಚಮಚಗಳ ಪಟ್ಟಿ ಸಿಕ್ಕಿತು, ಮಗು ಸಿಗಲಿಲ್ಲ. ಎರಡು ತಿಂಗಳು ಸುಮ್ನೆ ಹೋಯಿತು.

ಹುಟ್ಟಿನ ದಾಖಲೆಗೂ ಹುಡುಕಿದ್ದೆ. ಮೇಲೂರಿನ ರಿಜಿಸ್ಟರ್‌ನಲ್ಲಿ ವಿಲಿಯಂ ರೀಡ್ ಅಂತ 1830ರಿಂದ 1840ರವರೆಗೆ ಜಾಲಾಡಿದೆ. ಇಬ್ಬರು ಸಿಕ್ಕರು. ಒಬ್ಬ ಎಳವೆಯಲ್ಲೇ ಹೋಗಿದ್ದ. ಇನ್ನೊಬ್ಬನ ಅಪ್ಪ ಅಮ್ಮ ಬೇರೆ.

ಗೆಳತಿಯೇ ಒಂದು ದಿನ ಕೇಳಿದಳು, "ಅಲ್ಲ ಕಣೇ, ಅವನ ಮದುವೆ ಕಾಗದ ನೋಡಿದ್ಯಾ?"

ನೋಡಿರಲಿಲ್ಲ. ಮದುವೆಯ ತಾರೀಕು ಮನೆಯ ದೊಡ್ಡ ಬೈಬಲ್‌ನ ಒಳಪುಟದಲ್ಲೇ ಬರೆದಿತ್ತು, 1859. ಗೊತ್ತಿರುವ ತಾರೀಕಿಗೆ ಮತ್ತೆ ಯಾಕೆ ದುಡ್ಡು ಕೊಡುವುದು ಅಂತ ಯಾರೂ ಅದನ್ನು ತರಿಸಿರಲಿಲ್ಲ. ಒಂದೂವರೆ ಪೌಂಡ್ ಉಳಿಸಿದ್ದೆವು.

ತಿರುವು

ಮದುವೆ ದಾಖಲೆಯ ಪುಟ ತರಿಸಿ ತೆರೆದಾಗ ಮೂವರೂ ಮಾತಾಡಲಿಲ್ಲ. ವಧುವಿನ ಅಪ್ಪ ಅಮ್ಮನ ಹೆಸರು ಒಂದರ ಕೆಳಗೆ ಒಂದು ನೀಟಾಗಿವೆ. ವರನ ಕಡೆ ಅಪ್ಪನ ಹೆಸರು ಬರಬೇಕಾದ ಜಾಗ ಖಾಲಿ. ಅದರ ಕೆಳಗೆ ಎಲ್ಸ್‌ಪೆಟ್ ರೀಡ್, ಈಗ ಇಂಥ ಚಮ್ಮಾರನ ಹೆಂಡತಿ ಅಂತ ಇದೆ.

ವಿಲಿಯಂಗೆ ಆಗ ಇಪ್ಪತ್ತನಾಲ್ಕು. ಪಾದ್ರಿ ಮುಂದೆ ಕೂತಿದ್ದಾನೆ, ಪಕ್ಕದಲ್ಲಿ ಮದುವೆಯಾಗುವ ಹುಡುಗಿ. ಜೇಮ್ಸ್ ಅಂತ ಬರೆಸಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆ ಕಾಲದಲ್ಲಿ ಎಷ್ಟೋ ಜನ ಹಾಗೇ ಮಾಡಿದ್ದಾರೆ, ಇಲ್ಲದ ಅಪ್ಪನನ್ನೇ ಹುಟ್ಟಿಸಿ ಬರೆಸಿದವರೂ ಇದ್ದಾರೆ. ಇವನು ಖಾಲಿ ಬಿಟ್ಟ.

ಅಲ್ಲಿಂದ ಎಲ್ಸ್‌ಪೆಟ್‌ಳನ್ನು ಹಿಡಿಯುವುದು ಸುಲಭವಾಯಿತು. ಅವಳು ತೀರಿಕೊಂಡದ್ದು 1872ರಲ್ಲಿ, ಅಂದರೆ 1855ರ ಈಚೆಗೆ. ಆದ್ದರಿಂದ ಅವಳ ಅಪ್ಪ ಅಮ್ಮನ ಹೆಸರೂ ದಾಖಲಾಗಿದೆ. ಜೇಮ್ಸ್ ರೀಡ್, ಮಾರ್ಗರೆಟ್. ವಿಲಿಯಂನ ಮರಣ ದಾಖಲೆಯಲ್ಲಿದ್ದ ಅದೇ ಜೋಡಿ. ಅಳಿಯ ಬರೆಸಿದ್ದು ಅಪ್ಪ ಅಮ್ಮನನ್ನಲ್ಲ, ಅಜ್ಜ ಅಜ್ಜಿಯನ್ನು. ಸಾಕಿದವರು ಅವರೇ. ಹಿರಿಮಗನಿಗೆ ಜೇಮ್ಸ್ ಅಂತ ಹೆಸರಿಟ್ಟದ್ದು ರೂಢಿಯಂತೆ ಅಲ್ಲ, ಋಣಕ್ಕೆ. ಮುಂದಿನವರು ದಾರಿ ತಪ್ಪಿದ್ದೂ ಅದರಿಂದಲೇ.

ಇಲ್ಲಿ ಒಂದು ಕಾನೂನಿನ ಮಾತನ್ನೂ ನೋಡಿಕೊಳ್ಳಬೇಕಾಯಿತು. ಸ್ಕಾಟ್ಲೆಂಡ್‌ನ ಕಾನೂನಿನಲ್ಲಿ ಅಪ್ಪ ಅಮ್ಮ ಆಮೇಲೆ ಮದುವೆಯಾದರೆ ಮಗು ಸಕ್ರಮವಾಗುತ್ತಿತ್ತು. ಇಂಗ್ಲೆಂಡ್‌ನಲ್ಲಿ ಆಗ ಹೀಗಿರಲಿಲ್ಲ. ಹಾಗಾಗಿ ಎಲ್ಸ್‌ಪೆಟ್ ಕೈಹಿಡಿದ ಚಮ್ಮಾರನೇ ಅಪ್ಪನಾ ಅಂತ ಕೇಳಿಕೊಂಡೆವು. ಆಗಿದ್ದರೆ ಮಗ 1859ರಲ್ಲಿ ಖಾಲಿ ಬಿಡುತ್ತಿರಲಿಲ್ಲ. ಅವರ ಮದುವೆ 1839ರಲ್ಲಿ. ಮಗುವನ್ನು ತವರಲ್ಲಿ ಬಿಟ್ಟು ಅವಳು ಗಂಡನ ಊರಿಗೆ ಹೋಗಿದ್ದಳು. 1841ರ ಆ ಮನೆಯಲ್ಲಿ ಅವಳಿಲ್ಲದಿದ್ದದ್ದು ಅದಕ್ಕೇ.

ಈಗ ಅಪ್ಪ ಯಾರು? 1851ರ ಗಣತಿಯಲ್ಲಿ ಹದಿನಾರರ ವಿಲಿಯಂ ಒಂದು ಫಾರ್ಮ್‌ನಲ್ಲಿ ಆಳಾಗಿದ್ದಾನೆ. ಹುಟ್ಟಿದ ಪ್ಯಾರಿಷ್ ಮೇಲೂರು ಅಲ್ಲ, ಕೆಳಗೂರು. ನಾನು ಜಾಲಾಡಿದ್ದು ಬೇರೆಯೇ ಊರಿನ ಪುಸ್ತಕ.

ಹುಟ್ಟಿದ ತಿಂಗಳನ್ನು ಬಿಗಿ ಮಾಡಿಕೊಂಡೆವು. 1841ರ ಗಣತಿ ಜೂನ್ 6ರದು. ಅಂದು ಆರು ವರ್ಷ ಅಂದರೆ ಹುಟ್ಟಿದ್ದು 1834ರ ಜೂನ್‌ನಿಂದ 1835ರ ಜೂನ್ ಒಳಗೆ. 1851ರದು ಮಾರ್ಚ್ 30. ಅಂದು ಹದಿನಾರು ಅಂದರೆ 1834ರ ಮಾರ್ಚ್ ಕೊನೆಯಿಂದ 1835ರ ಮಾರ್ಚ್ ಕೊನೆಯೊಳಗೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ 1834ರ ಜೂನ್‌ನಿಂದ 1835ರ ಮಾರ್ಚ್‌ವರೆಗೆ, ಸುಮಾರು ಹತ್ತು ತಿಂಗಳು. ಇಷ್ಟು ಸಾಕು. ವಯಸ್ಸನ್ನು ನಿಜ ಹೇಳಿದ್ದರೆ ಅನ್ನುವ ಷರತ್ತಿನ ಮೇಲೆ.

ಹಿರಿಯರ ಪುಸ್ತಕ

ಈ ಪ್ರಕರಣದ ಜೀವ ಇರುವುದು ಇಲ್ಲಿ. ಸ್ಕಾಟ್ಲೆಂಡ್‌ನ ಪ್ರತಿ ಪ್ಯಾರಿಷ್‌ನಲ್ಲೂ ಪಾದ್ರಿ ಮತ್ತು ಹಿರಿಯರು ಸೇರಿದ ಒಂದು ಸಭೆ ಇತ್ತು. ಕಿರ್ಕ್ ಸೆಷನ್ ಅಂತ. ಹಳ್ಳಿಯ ನ್ಯಾಯದ ಕಟ್ಟೆ ಇದ್ದ ಹಾಗೆ. ಬಡವರಿಗೆ ಕಾಸು ಹಂಚುವುದರಿಂದ ಹಿಡಿದು ಊರವರ ನಡತೆ ವಿಚಾರಿಸುವವರೆಗೆ ಎಲ್ಲ ಅವರದೇ. ಮದುವೆಯಿಲ್ಲದೆ ಬಸುರಾದರೆ ಕರೆ ಬರುತ್ತಿತ್ತು. ಹೋಗಬೇಕು, ತಪ್ಪೊಪ್ಪಿಕೊಳ್ಳಬೇಕು, ಗಂಡಸಿನ ಹೆಸರು ಹೇಳಬೇಕು. ಹಿಂದಿನ ಕಾಲದಲ್ಲಾದರೆ ಭಾನುವಾರ ಎಲ್ಲರೆದುರು ಪಶ್ಚಾತ್ತಾಪದ ಸ್ಟೂಲಿನ ಮೇಲೆ ಕೂರಿಸಿ ಛೀಮಾರಿ ಹಾಕುತ್ತಿದ್ದರು. 1830ರ ಹೊತ್ತಿಗೆ ಬಹಳ ಕಡೆ ಅದು ಸಭೆಯ ಕೋಣೆಯೊಳಗೇ ಮುಗಿಯುತ್ತಿತ್ತು. ಆದರೆ ಬರೆಯುವುದು ನಿಂತಿರಲಿಲ್ಲ. ಒಂದೊಂದನ್ನೂ ಗುಮಾಸ್ತ ನಡಾವಳಿ ಪುಸ್ತಕಕ್ಕೆ ಏರಿಸುತ್ತಿದ್ದ.

ಮದುವೆಯಾದವರ ಮಗುವಿಗೆ ರಿಜಿಸ್ಟರ್‌ನಲ್ಲಿ ಎರಡು ಸಾಲು ಸಿಕ್ಕರೆ ಹೆಚ್ಚು. ಎಲ್ಸ್‌ಪೆಟ್‌ಳ ಮಗುವಿಗೆ ಎರಡು ಪ್ಯಾರಿಷ್‌ಗಳಲ್ಲಿ ಐದು ಪುಟ ಸಿಕ್ಕವು. ಮಾನ ಕಳೆಯಲು ಬರೆದದ್ದೇ ಇವತ್ತು ನಮಗೆ ಒದಗಿತು.

ಈ ನಡಾವಳಿಗಳ ಚಿತ್ರಗಳನ್ನು 2021ರಿಂದ ಅದೇ ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಆದರೆ ಹೆಸರು ಹಾಕಿ ಹುಡುಕಲು ಆಗುವುದಿಲ್ಲ. ಒಂದೊಂದೇ ಪುಟ ತಿರುವಬೇಕು. ಕೈಬರಹ ಬಾಗಿ ಬಾಗಿ ಓಡುತ್ತದೆ, ಪದಗಳು ಅರ್ಧಕ್ಕೇ ಮುರಿದಿರುತ್ತವೆ. ನಾನು ಕಂಡುಕೊಂಡ ಉಪಾಯ ಒಂದೇ. "ಕಂಪಿಯರ್ಡ್" ಎಂಬ ಪದದ ಆಕಾರವನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳುವುದು. ಸಭೆಯ ಮುಂದೆ ಹಾಜರಾದರು ಎಂದು ಅರ್ಥ. ಆ ಪದ ಬಂದ ಕಡೆ ಮಾತ್ರ ನಿಂತು ಪಕ್ಕದ ಹೆಸರು ಓದುವುದು. ಉಳಿದದ್ದು ಕಂಬಳಿ, ಕಲ್ಲಿದ್ದಲು, ಛಾವಣಿ ರಿಪೇರಿ.

ಮೂರನೆಯ ಸಂಜೆ ಸಿಕ್ಕಳು. ಕೆಳಗೂರು, 1834ರ ನವೆಂಬರ್. ಎಲ್ಸ್‌ಪೆಟ್ ರೀಡ್, ಮದುವೆಯಾಗಿಲ್ಲ, ಇಂಥ ಮೇನ್ಸ್‌ನಲ್ಲಿ ಕೆಲಸದವಳು, ಗರ್ಭಿಣಿ ಎಂದು ಒಪ್ಪಿಕೊಂಡಳು. ಕಾರಣನಾದವನು ವಿಲಿಯಂ ಮಿಲ್ನ್, ಕುದುರೆ ಕಟ್ಟಿ ಉಳುವ ಆಳು, ಮೊದಲು ಅದೇ ಫಾರ್ಮ್‌ನಲ್ಲಿದ್ದವನು, ಈಗ ಆಚೆಯೂರಿನಲ್ಲಿರುವವನು.

ಮೇನ್ಸ್ ಅಂದರೆ ಜಮೀನ್ದಾರನ ಎಸ್ಟೇಟಿನ ಮುಖ್ಯ ಫಾರ್ಮ್. ಮನೆಯ ಕತೆಯ ಜರಿಯಂಚು ಎಲ್ಲಿಂದ ಬಂತು ಅಂತ ಗೊತ್ತಾಯಿತು. "ದೊಡ್ಡವರ ಜಾಗದಲ್ಲಿ ಆದದ್ದು" ಎನ್ನುವುದು ಬಾಯಿಂದ ಬಾಯಿಗೆ "ದೊಡ್ಡವರಿಂದ ಆದದ್ದು" ಆಗಿತ್ತು.

ಮಿಲ್ನ್ ಊರು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಯುಗಾದಿಯಿಂದ ಯುಗಾದಿಗೆ ಸಂಬಳದಾಳು ಇಟ್ಟುಕೊಳ್ಳುತ್ತಿದ್ದರಲ್ಲ, ಅಲ್ಲಿ ಮದುವೆಯಾಗದ ಆಳುಗಳಿಗೆ ಆರಾರು ತಿಂಗಳ ಕರಾರು. ಗಡುವಿನ ದಿನ ಎರಡು: ಮೇ ತಿಂಗಳಲ್ಲಿ ವಿಟ್‌ಸಂಡೆ, ನವೆಂಬರಲ್ಲಿ ಮಾರ್ಟಿನ್ಮಸ್. ಅವಧಿ ಮುಗಿದರೆ ಆಳುಗಳ ಸಂತೆಗೆ ಹೋಗಿ ಬೇರೆ ಫಾರ್ಮ್ ಹಿಡಿಯುವುದು. ಲೆಕ್ಕ ಹಾಕಿದರೆ ಎಲ್ಸ್‌ಪೆಟ್ ಬಸುರಾದದ್ದು ಏಪ್ರಿಲ್ ಹೊತ್ತಿಗೆ, ಅವನು ಹೊರಟದ್ದು ಮೇ ತಿಂಗಳಲ್ಲಿ. ಅವನಿಗೆ ಆಗ ವಿಷಯ ಗೊತ್ತಿತ್ತೋ ಇಲ್ಲವೋ, ಪುಸ್ತಕ ಹೇಳುವುದಿಲ್ಲ.

ಕೆಳಗೂರಿನ ಸಭೆ ಆಚೆಯೂರಿನ ಪಾದ್ರಿಗೆ ಕಾಗದ ಬರೆಯಲು ಗುಮಾಸ್ತನಿಗೆ ಹೇಳಿತು. ಫೆಬ್ರವರಿಯಲ್ಲಿ ಉತ್ತರ ಓದಿದರು. ಮಿಲ್ನ್ ಒಪ್ಪುತ್ತಿಲ್ಲ. ಮಾರ್ಚ್‌ನಲ್ಲಿ ಎಲ್ಸ್‌ಪೆಟ್‌ಳನ್ನು ಮತ್ತೆ ಕರೆಸಿದರು. ಜನವರಿಯಲ್ಲಿ ಹುಟ್ಟಿದ ಮಗು ಆಗ ಅವಳ ಕೈಯಲ್ಲಿತ್ತು. ಸುಳ್ಳು ಹೇಳಿದರೆ ಏನಾಗುತ್ತದೆ ಅಂತ ಪಾದ್ರಿ ಬುದ್ಧಿ ಹೇಳಿದ್ದಾರೆ. ಅವಳು ಮೊದಲು ಹೇಳಿದ್ದಕ್ಕೇ "ಅಡ್‌ಹಿಯರ್ಡ್" ಎಂದು ಗುಮಾಸ್ತ ಬರೆದಿದ್ದಾನೆ. ಹೇಳಿದ ಮಾತಿಗೆ ಅಂಟಿಕೊಂಡಳು.

ಆಮೇಲೆ ಕೆಳಗೂರಿನ ಪುಸ್ತಕ ಮೌನ. ಏಪ್ರಿಲ್ ಇಲ್ಲ, ಮೇ ಇಲ್ಲ. ಇಲ್ಲಿಗೆ ನಿಲ್ಲಿಸಿಬಿಡೋಣವಾ ಅಂತ ಮಾತು ಬಂತು. ಗೆಳತಿಗೆ ಸಾಕಾಗಿತ್ತು. ಮಗುವಿನ ಖರ್ಚಿಗೆ ತಾಯಂದಿರು ಶೆರಿಫ್ ಕೋರ್ಟ್‌ನಲ್ಲಿ ದಾವೆ ಹೂಡುತ್ತಿದ್ದರು, ಅಲ್ಲಿ ನೋಡೋಣವೆಂದು ನಾನು. ಅಷ್ಟರಲ್ಲಿ ಹೊಳೆಯಿತು, ಕಾಗದ ಅಂದರೆ ಅದಕ್ಕೆ ಎರಡು ತುದಿ. ಕೆಳಗೂರು ಬರೆದದ್ದನ್ನು ಆಚೆಯೂರಿನವರೂ ತಮ್ಮ ಪುಸ್ತಕಕ್ಕೆ ಏರಿಸಿರಬೇಕಲ್ಲ.

ಏರಿಸಿದ್ದರು. ಆಚೆಯೂರಿನ ಸಭೆ ಮಿಲ್ನ್‌ನನ್ನು ಮೂರು ಸಲ ಕರೆಸಿದೆ. ಒಮ್ಮೆ ಬರಲೇ ಇಲ್ಲ. ಒಮ್ಮೆ ಬಂದು ಇಲ್ಲ ಅಂದ. ಮೂರನೇ ಸಲಕ್ಕೆ, 1835ರ ಜೂನ್‌ನಲ್ಲಿ, ಸಭೆ ಪ್ರಮಾಣದ ಮಾತೆತ್ತಿತು. ಒಪ್ಪದ ಗಂಡಸರಿಗೆ ಕೊಡುತ್ತಿದ್ದ ದೊಡ್ಡ ಆಣೆ ಅದು. ನಮ್ಮ ಕಡೆ ಧರ್ಮಸ್ಥಳಕ್ಕೆ ಬಂದು ಮಂಜುನಾಥನ ಮುಂದೆ ಆಣೆ ಮಾಡು ಅಂತಾರಲ್ಲ, ಹಾಗೆ. ಮಿಲ್ನ್ ಆಣೆ ಮಾಡಲಿಲ್ಲ. ಮಗು ತನ್ನದೇ ಅಂದ. ಛೀಮಾರಿ ಹಾಕಿ, ಬಡವರ ನಿಧಿಗೆ ದಂಡ ಕಟ್ಟಿಸಿಕೊಂಡು ಬಿಟ್ಟರು. ಆ ದಂಡ ಸೆಷನ್‌ನ ಲೆಕ್ಕದ ಪುಸ್ತಕದಲ್ಲೂ ಜಮೆಯಾಗಿದೆ. ನಡಾವಳಿಗೆ ಅದು ಎರಡನೆಯ ಸಾಕ್ಷಿ.

ಇಷ್ಟಾದ ಮೇಲೆ ಹುಟ್ಟಿನ ದಾಖಲೆಗೆ ವಾಪಸ್ ಬಂದೆ. ಈ ಸಲ ಕೆಳಗೂರು, ಈ ಸಲ ರೀಡ್ ಅಲ್ಲ, ಮಿಲ್ನ್. ಒಂದು ನಿಮಿಷದಲ್ಲಿ ಸಿಕ್ಕಿತು. 1835ರ ಜುಲೈನಲ್ಲಿ ದೀಕ್ಷಾಸ್ನಾನ. ವಿಲಿಯಂ, ವಿಲಿಯಂ ಮಿಲ್ನ್ ಮತ್ತು ಎಲ್ಸ್‌ಪೆಟ್ ರೀಡ್ ಇವರ ನ್ಯಾಚುರಲ್ ಸನ್. ಮಗುವನ್ನು ಮುಂದೆ ಹಿಡಿದವನು ಅಜ್ಜ ಜೇಮ್ಸ್ ರೀಡ್. ಸಾಮಾನ್ಯವಾಗಿ ಹುಟ್ಟಿದ ಕೆಲವೇ ದಿನ, ವಾರಗಳಲ್ಲಿ ಆಗುವ ದೀಕ್ಷಾಸ್ನಾನ ಇಲ್ಲಿ ಆರು ತಿಂಗಳು ತಡ. ಸಭೆಯ ವಿಚಾರಣೆ ಮುಗಿಯುವವರೆಗೆ ಕಾದಿದ್ದಾರೆ. ಮಗುವಿಗೆ ಅಪ್ಪನದೇ ಹೆಸರು ಬೇರೆ. ರೀಡ್ ಮನೆತನದಲ್ಲಿ ಹಿಂದೆ ಒಬ್ಬನೂ ವಿಲಿಯಂ ಇರಲಿಲ್ಲ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು.

ಯಾವ ಮಿಲ್ನ್?

ಹೆಸರು ಸಿಕ್ಕಿತು, ಮನುಷ್ಯ ಇನ್ನೂ ಸಿಕ್ಕಿರಲಿಲ್ಲ. ಆ ಜಿಲ್ಲೆಯಲ್ಲಿ ಆ ವಯಸ್ಸಿಗೆ ಹೊಂದುವ ವಿಲಿಯಂ ಮಿಲ್ನ್‌ಗಳು ಮೂವರು. ಒಬ್ಬ 1838ರಲ್ಲಿ ಆಚೆಯೂರಿನಲ್ಲೇ ಮದುವೆಯಾಗಿ ಅಲ್ಲೇ ನೆಲೆ ನಿಂತವನು, ಕಸುಬು ಅದೇ. ಇವನೇ ಅಂತ ನನ್ನ ಅಂದಾಜು. ಉಳಿದ ಇಬ್ಬರಲ್ಲಿ ಒಬ್ಬ ಮೀನುಗಾರ, ಅವನನ್ನು ಬಿಡಬಹುದು. ಇನ್ನೊಬ್ಬ ಆಳೇ. ಅವನನ್ನು ತಳ್ಳಿಹಾಕಲು ನನ್ನ ಹತ್ತಿರ ಗಟ್ಟಿ ಕಾರಣ ಇಲ್ಲ.

ಅತ್ತೆ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ಆಚೆಯೂರಿನ ಮಿಲ್ನ್ ವಂಶದ ಒಬ್ಬರ ಜೊತೆ ಐವತ್ತರ ಆಸುಪಾಸು ಸೆಂಟಿಮಾರ್ಗನ್ ಹೊಂದಿಕೆ ಬಂತು. ಇಬ್ಬರ ಡಿಎನ್‌ಎ ಎಷ್ಟು ಹೊಂದುತ್ತದೆ ಅಂತ ಅಳೆಯುವ ಮಾನ ಅದು. ಒಬ್ಬನೇ ಗಂಡಸಿನ ಇಬ್ಬರು ಹೆಂಗಸರ ಸಂತಾನ ನಾಲ್ಕನೇ ತಲೆಮಾರಿನಲ್ಲಿ ಸುಮಾರು ಇಷ್ಟೇ ಹಂಚಿಕೊಂಡಿರುತ್ತದೆ. ಗೆಳತಿ ಕುಣಿದಳು. ನಾನು ತಡೆದೆ. ಆ ಸೀಮೆಯ ರೈತ ಮನೆತನಗಳು ಒಂದಕ್ಕೊಂದು ಕೊಟ್ಟು ತಂದು ಮಾಡಿಕೊಂಡವು. ಇಷ್ಟು ಸಣ್ಣ ಹೊಂದಿಕೆ ಬೇರೆ ದಾರಿಯಿಂದಲೂ ಬರಬಹುದು. ಇನ್ನೂ ಇಬ್ಬರು ಮೂವರು ಹೊಂದಿಕೆಯಾದರೆ ಮಾತು ಬೇರೆ.

ಇನ್ನೊಮ್ಮೆ ಮಾಡಿದರೆ

ಬೇರೆಯವರ ಕೆಲಸಕ್ಕೆ ಬರಬಹುದು ಅಂತ ಇಷ್ಟು ಬರೆಯುತ್ತೇನೆ. ಇನ್ನೊಮ್ಮೆ ಇಂಥದ್ದು ಬಂದರೆ ಮೊದಲು ಆ ಮನುಷ್ಯ ತಾನೇ ಬಾಯಿಬಿಟ್ಟು ಹೇಳಿದ ದಾಖಲೆಯನ್ನು ತೆಗೆಯುತ್ತೇನೆ. ಮದುವೆಯದು ಅಂಥದ್ದು, ಮರಣದ್ದು ಅಲ್ಲ. ಹುಟ್ಟಿದ ಊರನ್ನು 1851ರ ಗಣತಿಯಲ್ಲಿ ಖಚಿತ ಮಾಡಿಕೊಳ್ಳದೆ ರಿಜಿಸ್ಟರ್ ಮುಟ್ಟುವುದಿಲ್ಲ. ಅಮ್ಮನ ಮನೆತನದ ಹೆಸರಲ್ಲಿ ಮಗು ಸಿಗದಿದ್ದರೆ ಪುಸ್ತಕದಲ್ಲೇ ಇಲ್ಲ ಅಂತ ಕೈಚೆಲ್ಲದೆ ಅಮ್ಮನ ಹೆಸರನ್ನು ತಾಯಿಯ ಜಾಗಕ್ಕೆ ಹಾಕಿ ಹುಡುಕುತ್ತೇನೆ. ಹಾಗೆ ಮಾಡಿದ್ದರೆ ಮಿಲ್ನ್ ಮೊದಲ ತಿಂಗಳೇ ಸಿಗುತ್ತಿದ್ದ. ಆದರೆ ಆಗ ಹಿರಿಯರ ಪುಸ್ತಕ ತೆರೆಯುತ್ತಿದ್ದೆನೋ ಇಲ್ಲವೋ. ತೆರೆಯದಿದ್ದರೆ ಎಲ್ಸ್‌ಪೆಟ್ ಬರೀ ಒಂದು ಹೆಸರಾಗಿ ಉಳಿಯುತ್ತಿದ್ದಳು.

ನಮ್ಮ ಅದೃಷ್ಟವೂ ಇತ್ತು. ಎರಡೂ ಪ್ಯಾರಿಷ್‌ಗಳ ಆ ವರ್ಷಗಳ ನಡಾವಳಿ ಉಳಿದಿವೆ. ಎಲ್ಲ ಕಡೆ ಹೀಗಿಲ್ಲ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿದ ಮೇಲಂತೂ ಊರವರೇ ಎರಡು ಪಾಲಾದರು, ಹುಡುಕುವವರು ಎರಡೆರಡು ಕಡೆ ನೋಡಬೇಕು.

ಜಮೀನ್ದಾರ ಕೈತಪ್ಪಿದ್ದಕ್ಕೆ ಅತ್ತೆಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಆಕೆ ಕೇಳಿದ್ದು ಮಾರ್ಚ್ ತಿಂಗಳ ಆ ಪುಟದ ಪ್ರಿಂಟ್. ಕನ್ನಡಕ ಏರಿಸಿಕೊಂಡು "ಅಡ್‌ಹಿಯರ್ಡ್" ಎಂಬ ಪದದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ದೊಡ್ಡ ಬೈಬಲ್ ತರಿಸಿದರು. ವಿಲಿಯಂ ಹೆಸರಿನ ಮೇಲೆ ಜಾಗ ಮಾಡಿ ಎಲ್ಸ್‌ಪೆಟ್ ರೀಡ್ ಅಂತ ಪೆನ್ನಿನಲ್ಲಿ ಬರೆದರು. ಪಕ್ಕದಲ್ಲಿ ವಿಲಿಯಂ ಮಿಲ್ನ್. ಅದನ್ನು ಮಾತ್ರ ನನ್ನ ಮುಖ ನೋಡಿ ಪೆನ್ಸಿಲಿನಲ್ಲಿ.